ನ್ಯಾಯಮೂರ್ತಿ ವಿ. ಎಸ್. ಮಳಿಮಠ: ನ್ಯಾಯಾಲಯದಲ್ಲಿ ನೊಂದವರ ಸ್ಥಾನ

ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠ ಅವರು 1929ರ ಜೂನ್ 12ರಂದು ಜನಿಸಿದರು. ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಹುದ್ದೆಯನ್ನು ನಿರ್ವಹಿಸಿದ ತರುವಾಯ 1970ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ ನೇಮಕಗೊಂಡರು. 1984ರಲ್ಲಿ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾದರು. 1985ರಲ್ಲಿ ಕೇರಳಕ್ಕೆ ವರ್ಗಗೊಂಡು, 1991ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಆ ಬಳಿಕ ಕೇಂದ್ರ ಆಡಳಿತ ನ್ಯಾಯಮಂಡಳಿಯ ಅಧ್ಯಕ್ಷರಾಗಿಯೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸದಸ್ಯರಾಗಿಯೂ ಕಾರ್ಯನಿರ್ವಹಿಸಿದರು.

ಇಷ್ಟು ಪದವಿಗಳನ್ನು ಅಲಂಕರಿಸಿದ್ದರೂ ಅವರ ಹೆಸರು ದೇಶದ ಕಾನೂನು ವಲಯದಲ್ಲಿ ಉಳಿದಿರುವುದು ನಿವೃತ್ತಿಯ ನಂತರದ ಒಂದು ಕಾರ್ಯದಿಂದ. ಕೇಂದ್ರ ಗೃಹ ಸಚಿವಾಲಯವು 2000ದ ನವೆಂಬರಿನಲ್ಲಿ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಗಾಗಿ ಸಮಿತಿಯೊಂದನ್ನು ರಚಿಸಿ, ಮಳಿಮಠ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ಕಾನೂನು ಶಿಕ್ಷಣತಜ್ಞ ಎನ್. ಆರ್. ಮಾಧವ ಮೆನನ್ ಅವರೂ ಅದರ ಸದಸ್ಯರಾಗಿದ್ದರು. 2003ರಲ್ಲಿ ಸಲ್ಲಿಕೆಯಾದ ವರದಿಯಲ್ಲಿ 158 ಶಿಫಾರಸುಗಳಿದ್ದವು. ಇಂದಿಗೂ ಅದನ್ನು ‘ಮಳಿಮಠ ವರದಿ’ ಎಂದೇ ಕರೆಯುತ್ತಾರೆ.

ವರದಿಯ ತಿರುಳನ್ನು ಅರಿಯಬೇಕಾದರೆ ನಮ್ಮ ಫೌಜದಾರಿ ನ್ಯಾಯಾಲಯದ ರೀತಿಯನ್ನು ಗಮನಿಸಬೇಕು. ಅಪರಾಧ ನಡೆದರೆ ಮೊಕದ್ದಮೆಯನ್ನು ಹೂಡುವುದು ಸರ್ಕಾರ. ಎದುರಿಗೆ ನಿಲ್ಲುವವನು ಆರೋಪಿ. ಮಗನನ್ನು ಕಳೆದುಕೊಂಡ ತಾಯಿ, ಹಲ್ಲೆಗೊಳಗಾದ ಕೂಲಿಕಾರ ಅಲ್ಲಿ ಕೇವಲ ಸಾಕ್ಷಿಗಳು. ಕರೆದಾಗ ಬಂದು, ಕೇಳಿದ್ದಕ್ಕೆ ಉತ್ತರಿಸಿ, ಹಿಂದಿರುಗಬೇಕು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸಬೇಕೋ ಬೇಡವೋ ಎಂಬುದನ್ನು ಸಾಮಾನ್ಯವಾಗಿ ಸರ್ಕಾರವೇ ನಿರ್ಧರಿಸುತ್ತಿತ್ತು. ಸಂತ್ರಸ್ತರಿಗೆ ವಿಚಾರಣೆಯಲ್ಲಿ ಭಾಗವಹಿಸುವ, ತಮ್ಮ ವಕೀಲರನ್ನು ಇಟ್ಟುಕೊಳ್ಳುವ, ಮೇಲ್ಮನವಿ ಸಲ್ಲಿಸುವ ಹಕ್ಕು ಇರಬೇಕು, ಪರಿಹಾರಕ್ಕೆ ನಿಧಿ ಇರಬೇಕು ಎಂದು ಸಮಿತಿ ಹೇಳಿತು. ನ್ಯಾಯಾಧೀಶರು ಇಬ್ಬರು ವಕೀಲರ ವಾದವನ್ನು ಆಲಿಸುವ ತಟಸ್ಥರಾಗಿ ಮಾತ್ರ ಕುಳಿತಿರದೆ ಸತ್ಯಶೋಧನೆಯನ್ನು ತಮ್ಮ ಕರ್ತವ್ಯವೆಂದು ಭಾವಿಸಬೇಕೆಂಬುದು ಅದರ ಮೂಲ ನಿಲುವಾಗಿತ್ತು. ಇದಕ್ಕಾಗಿ ಫ್ರಾನ್ಸ್, ಜರ್ಮನಿಗಳ ಪದ್ಧತಿಯಿಂದ ಕೆಲವು ಅಂಶಗಳನ್ನು ಪಡೆಯಬಹುದೆಂದೂ ಸೂಚಿಸಿತು. ನ್ಯಾಯಾಲಯಗಳ ದೀರ್ಘ ರಜೆಗಳನ್ನು ಕಡಿತಗೊಳಿಸುವ ಸಲಹೆಯೂ ಅದರಲ್ಲಿತ್ತು. ವಕೀಲ ವೃಂದಕ್ಕೆ ಅದು ರುಚಿಸಿರಲಾರದು.

ಆದರೆ ವರದಿಯ ಎಲ್ಲ ಮಾತುಗಳನ್ನೂ ಒಪ್ಪಲಾಗದು. ಸಂಶಯಾತೀತವಾಗಿ ಅಪರಾಧ ರುಜುವಾತಾಗಬೇಕೆಂಬ ನಿಯಮವನ್ನು ಸಡಿಲಿಸಿ, ಅದು ಸತ್ಯವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕು ಎಂಬ ಮಾನದಂಡವನ್ನು ಸಮಿತಿ ಸೂಚಿಸಿತು. ಹಿರಿಯ ಪೊಲೀಸ್ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದಿತು. ಠಾಣೆಯಲ್ಲಿ ಬಡವನ ಬಾಯಿಂದ ಹೇಗೆ ಒಪ್ಪಿಗೆ ಹೊರಡಿಸುತ್ತಾರೆಂಬುದನ್ನು ಬಲ್ಲವರು ಇದನ್ನು ತೀವ್ರವಾಗಿ ವಿರೋಧಿಸಿದರು. ವಿವಾಹಿತೆಯ ಮೇಲಿನ ಕ್ರೌರ್ಯದ ಅಪರಾಧವನ್ನು ಜಾಮೀನು ಮತ್ತು ರಾಜಿಗೆ ಅರ್ಹಗೊಳಿಸುವ ಸಲಹೆಗೆ ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ನೊಂದವರ ಪರವಾಗಿ ಹೊರಟ ವರದಿಯು ನಿರಪರಾಧಿಯ ರಕ್ಷಾಕವಚವನ್ನೇ ತೆಳುವಾಗಿಸಹೊರಟಿತೆಂಬ ಆಕ್ಷೇಪ ಅಲ್ಲಗಳೆಯುವಂಥದ್ದಲ್ಲ. ರುಜುವಾತಿನ ಮಾನದಂಡವನ್ನು ಸಂಸತ್ತು ಬದಲಿಸಲಿಲ್ಲ.

ಸಂತ್ರಸ್ತರ ಕುರಿತ ಭಾಗ ಮಾತ್ರ ಫಲಿಸಿತು. ದಂಡ ಪ್ರಕ್ರಿಯಾ ಸಂಹಿತೆಗೆ 2008ರಲ್ಲಿ ಮಾಡಿದ ತಿದ್ದುಪಡಿಯು 2009ರ ಡಿಸೆಂಬರ್ 31ರಂದು ಜಾರಿಗೆ ಬಂದು, ‘ಸಂತ್ರಸ್ತ’ ಎಂಬ ಪದಕ್ಕೆ ಕಾನೂನಿನಲ್ಲಿ ವ್ಯಾಖ್ಯೆ ದೊರೆಯಿತು. ಪೋಷಕರು ಮತ್ತು ಕಾನೂನುಬದ್ಧ ವಾರಸುದಾರರೂ ಆ ವ್ಯಾಖ್ಯೆಯಲ್ಲಿ ಸೇರಿದರು. ಆರೋಪಿಯು ಖುಲಾಸೆಯಾದರೆ, ಕಡಿಮೆ ಗುರುತರವಾದ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಅಥವಾ ಪರಿಹಾರ ಸಾಲದೆನಿಸಿದರೆ ಸಂತ್ರಸ್ತರು ತಾವೇ ಮೇಲ್ಮನವಿ ಸಲ್ಲಿಸಬಹುದಾಯಿತು. ಅದಕ್ಕಾಗಿ ಉಚ್ಚ ನ್ಯಾಯಾಲಯದ ವಿಶೇಷ ಅನುಮತಿ ಬೇಕಿಲ್ಲವೆಂದು 2018ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ.

ಇಟಗಿ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಭಾಗದ ಭಕ್ತರು ಇದನ್ನು ತಿಳಿದಿರಬೇಕು. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಆರೋಪಿ ಖುಲಾಸೆಯಾದರೆ ಸಂತ್ರಸ್ತರ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ; ಸೆಷನ್ಸ್ ನ್ಯಾಯಾಲಯದ ತೀರ್ಪಿನ ವಿರುದ್ಧವಾದರೆ ಉಚ್ಚ ನ್ಯಾಯಾಲಯಕ್ಕೆ. ಮಳಿಮಠ ಅವರು ನ್ಯಾಯಪೀಠದಲ್ಲಿದ್ದ ಕಾಲದಲ್ಲಿ ನಮ್ಮವರು ಉಚ್ಚ ನ್ಯಾಯಾಲಯಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಕಾಯಂಗೊಂಡಿತು. ಕೊಪ್ಪಳ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ. ಪರಿಹಾರಕ್ಕೆ ಹಾಗೂ ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

ಮಳಿಮಠ ಅವರು 2015ರ ಡಿಸೆಂಬರಿನಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಪುತ್ರ ನ್ಯಾಯಮೂರ್ತಿ ರವಿ ಮಳಿಮಠ ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿ, ಮುಂದೆ 2021ರಲ್ಲಿ ಮಧ್ಯಪ್ರದೇಶದ ಮುಖ್ಯ ನ್ಯಾಯಮೂರ್ತಿಗಳಾದರು.