ಕಟ್ಟ

ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ತೋಡಿಗೆ ಅಡ್ಡಲಾಗಿ ತೋಟದವರು ಸೇರಿ ವರ್ಷ ವರ್ಷವೂ ಹಾಕುವ ತಾತ್ಕಾಲಿಕ ಒಡ್ಡು. ಮಳೆ ನಿಂತು ಹರಿವು ಇಳಿದ ಮೇಲೆ, ಸಾಮಾನ್ಯವಾಗಿ ನವೆಂಬರ್‌-ಡಿಸೆಂಬರ್‌ನಲ್ಲಿ, ಈ ಕೆಲಸ. ಕಲ್ಲಿನ ಎರಡು ಸಾಲು ಕಟ್ಟಿ, ನಡುವೆ ಮಣ್ಣು ಸುರಿದು, ನಾಲ್ಕೈದು ಜನ ಸಾಲಾಗಿ ನಿಂತು ಕಾಲಿನಿಂದ ತುಳಿಯುತ್ತಾರೆ. ತುಳಿತ ಸಡಿಲವಾದರೆ ನೀರು ಸಂದಿ ಹುಡುಕುತ್ತದೆ. ಹಾಗಾಗಿ ಅನುಭವಸ್ಥರೊಬ್ಬರ ಕಣ್ಣು ಸದಾ ಆ ಕಾಲುಗಳ ಮೇಲೆಯೇ. ಈಚೆಗೆ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆಗಳೂ ಬಂದಿವೆ.

ಒಂದೇ ಕಟ್ಟದಿಂದ ಹೆಚ್ಚೇನೂ ಆಗದು. ಕೆಳಗಿನ ಕಟ್ಟದ ನೀರು ಮೇಲಿನದರ ಬುಡ ಮುಟ್ಟುವಂತೆ ಸರಣಿಯಾಗಿ ಹಾಕಿದರೆ ತೋಡಿನ ಉದ್ದಕ್ಕೂ ನೀರು ನಿಂತು ಮುರಕಲ್ಲಿನ ನೆಲದೊಳಗೆ ಇಂಗುತ್ತದೆ, ಅಕ್ಕಪಕ್ಕದ ಬಾವಿಗಳ ಮಟ್ಟ ಏರುತ್ತದೆ. ಲಾಭ ಕಟ್ಟಿದವನಿಗಷ್ಟೇ ಅಲ್ಲ, ಕೈ ಜೋಡಿಸದ ನೆರೆಯವನಿಗೂ ಉಂಟು. ಜಗಳ ಹುಟ್ಟುವುದೂ ಅಲ್ಲಿಯೇ. ಕೊಳವೆಬಾವಿಗಳು ಬಂದ ಮೇಲೆ ನೀರು ಅವರವರ ಸ್ವಂತದ್ದಾಯಿತು, ಅನೇಕ ಕಡೆ ಕಟ್ಟ ನಿಂತುಹೋಯಿತು. ಕಾಸರಗೋಡಿನ ಏತಡ್ಕದಲ್ಲಿ ಉಳಿದುಬಂದ ಕಟ್ಟಗಳು ಹೆಸರಾಗಿವೆ. ಪತ್ರಕರ್ತ ಶ್ರೀಪಡ್ರೆ ಈ ಪದ್ಧತಿಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಜೂನ್‌ನ ಮಳೆಗೆ ಮುನ್ನ ಕಟ್ಟವನ್ನು ಬಿಡಿಸುತ್ತಾರೆ. ತಡವಾದರೆ ಮೊದಲ ನೆರೆಯೇ ಆ ಕೆಲಸ ಮುಗಿಸುತ್ತದೆ.