ಚಿರತೆ, ಚಿರುತ, ಚೀತಾ: ಯಾವುದು ಯಾವ ಕುಲ?

ಮಾಧವರಂ, ಆದೋನಿ ಕಡೆ ನಾವು ಕನ್ನಡದಲ್ಲಿ ಚಿರತೆ ಎನ್ನುವುದು ತೆಲುಗಿನಲ್ಲಿ ‘ಚಿರುತಪುಲಿ’. ನಮ್ಮ ಹುಲಿ ಅಲ್ಲಿ ‘ಪೆದ್ದಪುಲಿ’. ಯಾರಾದರೂ ಬರೀ ‘ಪುಲಿ’ ಎಂದು ಕೂಗಿದರೆ ಯಾವುದೆಂದು ತಿಳಿಯದೆ ಊರೆಲ್ಲ ಗಾಬರಿ. ವೈಜ್ಞಾನಿಕ ಹೆಸರಾದರೋ ಎಲ್ಲ ಭಾಷೆಗೂ ಒಂದೇ.

ಮಾರ್ಜಾಲ ಕುಟುಂಬಕ್ಕೆ ಫೆಲಿಡೇ ಎಂದು ಹೆಸರು. ಅದರ ಉಪಕುಟುಂಬಗಳು ಎರಡು: ಪ್ಯಾಂಥೆರಿನೇ ಮತ್ತು ಫೆಲಿನೇ. ಮೊದಲನೆಯದರ ಪ್ಯಾಂಥೆರಾ ಕುಲದಲ್ಲಿ ಐದು ಪ್ರಭೇದಗಳಿವೆ:

• ಹುಲಿ – ಪ್ಯಾಂಥೆರಾ ಟೈಗ್ರಿಸ್
• ಸಿಂಹ – ಪ್ಯಾಂಥೆರಾ ಲಿಯೋ
• ಚಿರತೆ – ಪ್ಯಾಂಥೆರಾ ಪಾರ್ಡಸ್
• ಜಾಗ್ವಾರ್ – ಪ್ಯಾಂಥೆರಾ ಓಂಕಾ
• ಹಿಮಚಿರತೆ – ಪ್ಯಾಂಥೆರಾ ಅನ್ಸಿಯಾ

ಕಬಿನಿಯ ಕರಿಚಿರತೆ ಬೇರೆ ಪ್ರಭೇದವಲ್ಲ. ಮೈಬಣ್ಣ ಕಪ್ಪಾದ ಚಿರತೆಯೇ.

2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ಬಂದ ಚೀತಾ ಈ ಪಟ್ಟಿಯಲ್ಲಿಲ್ಲ. ಕನ್ನಡದಲ್ಲಿ ಅದು ಸಿವಂಗಿ. ವೈಜ್ಞಾನಿಕವಾಗಿ ಅಸಿನೋನಿಕ್ಸ್ ಜುಬಾಟಸ್. ಮನೆಬೆಕ್ಕಿನಂತೆ ಅದೂ ಫೆಲಿನೇ ಗುಂಪಿನದು, ಘರ್ಜಿಸದು. ಅದರ ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆಯಿದೆ, ಚಿರತೆಗಿಲ್ಲ.

ಹೊಲದಲ್ಲಿ ಸುಳಿಯುವ ಕಾಡುಬೆಕ್ಕು (ಫೆಲಿಸ್ ಚಾಸ್) ಕೂಡ ಫೆಲಿನೇ ಗುಂಪಿನದೇ. ಅದನ್ನು ಚಿರತೆಮರಿಯೆಂದು ಕಲ್ಲು ಹೊಡೆಯುವುದು ಬೇಡ. ಚಿರತೆಯೇ ಕಂಡರೂ ಸುತ್ತುವರಿಯದೆ ದೂರ ಸರಿದು, ಹೆಸರನ್ನು ಸರಿಯಾಗಿ ಹೇಳಿ ಅರಣ್ಯ ಇಲಾಖೆಗೆ ತಿಳಿಸೋಣ.