ಕಟ್ಟಿಗೆ ಒಲೆಯ ಏಲಕ್ಕಿ ಒಣಗಿಸುವ ಮನೆಗೆ ಸ್ವತಃ ಜೋಡಿಸಬಹುದಾದ ಡಿಜಿಟಲ್ ಉಷ್ಣಾಂಶ ಮಾಪಕ

ಮಲೆನಾಡು ಹಾಗೂ ಕೊಡಗಿನ ಅನೇಕ ತೋಟಗಳಲ್ಲಿ ಏಲಕ್ಕಿಯನ್ನು ಇಂದಿಗೂ ಕಟ್ಟಿಗೆ ಒಲೆಯ ಶಾಖದಿಂದಲೇ ಒಣಗಿಸಲಾಗುತ್ತದೆ. ಒಲೆಯ ಬಿಸಿ ಹೊಗೆಯು ತಗಡಿನ ಕೊಳವೆಗಳ ಮೂಲಕ ಕೊಠಡಿಯೊಳಗೆ ಹಾದು ಹೊರಹೋಗುತ್ತದೆ. ಕಾದ ಕೊಳವೆಗಳ ಬಿಸಿಗೆ ತಟ್ಟೆಗಳಲ್ಲಿ ಹರಡಿದ ಕಾಯಿ ಒಣಗುತ್ತದೆ. ಒಂದು ಕಿಲೋ ಒಣ ಏಲಕ್ಕಿಗೆ ಸುಮಾರು 4ರಿಂದ 5 ಕಿಲೋ ಹಸಿ ಕಾಯಿ ಬೇಕು. ಅದಕ್ಕೆ ಬೆಲೆ ತರುವ ಹಸಿರು ಬಣ್ಣವು ಆ ಕೊಠಡಿಯಲ್ಲಿ ಕಳೆಯುವ 18ರಿಂದ 24 ಗಂಟೆಗಳಲ್ಲಿ ಉಳಿಯುತ್ತದೆ ಅಥವಾ ಅಳಿಯುತ್ತದೆ.

ಬಣ್ಣ ಕೆಡುವುದು ಬಹುಪಾಲು ರಾತ್ರಿಯ ಹೊತ್ತಿನಲ್ಲಿ. ಒಲೆಗೆ ಒಮ್ಮೆಗೇ ಹೆಚ್ಚು ಸೌದೆ ತುಂಬಿ ಮಲಗಿದರೆ ಶಾಖ ಮಿತಿಮೀರಿ ಹಸಿರು ಮಾಸುತ್ತದೆ, ಸಿಪ್ಪೆ ಬಿರಿಯುತ್ತದೆ, ಸುವಾಸನೆಯ ಎಣ್ಣೆಯ ಅಂಶ ಆವಿಯಾಗುತ್ತದೆ. ಬೆಂಕಿ ಆರಿದರೆ ತೇವ ಹೊರಹೋಗದೆ ಕಾಯಿ ಬೆವರಿ ಬಣ್ಣ ಕಳೆದುಕೊಳ್ಳುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಎಚ್ಚರಿಸುವ ಸರಳ ಉಪಕರಣವನ್ನು ನೀವೇ ಜೋಡಿಸಿಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಪಾಲಿಸಬೇಕಾದ ಉಷ್ಣಾಂಶ

• ಮೊದಲ 4 ಗಂಟೆ: ಸುಮಾರು 50 ಡಿಗ್ರಿ ಸೆಲ್ಸಿಯಸ್.
• ನಂತರ ಕಾಯಿ ಒಣಗುವವರೆಗೆ: ಗಾಳಿಕಿಂಡಿ ತೆರೆದು, ಎಕ್ಸಾಸ್ಟ್ ಫ್ಯಾನ್ ಇದ್ದಲ್ಲಿ ಚಾಲೂ ಮಾಡಿ, ಸುಮಾರು 45 ಡಿಗ್ರಿ.
• ಕೊನೆಯಲ್ಲಿ 1 ಗಂಟೆ ಮಾತ್ರ: 60 ಡಿಗ್ರಿ.

ಎರಡು ಕಡೆ ಅಳೆಯುವುದು ಏಕೆ?

ಬಹಳಷ್ಟು ರೈತರು ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ ಅದನ್ನೇ ನಂಬುತ್ತಾರೆ. ಆದರೆ ಕೊಠಡಿಯ ಗಾಳಿ, ಗೋಡೆ ಮತ್ತು ಹಸಿ ಕಾಯಿ ಕಾಯಲು ಸಮಯ ಹಿಡಿಯುತ್ತದೆ. ಗೋಡೆಯ ಮಾಪಕ 55 ಡಿಗ್ರಿ ತೋರಿಸುವ ವೇಳೆಗೆ ಒಲೆಯ ಸೌದೆ ಪೂರ್ಣ ಉರಿಯಲ್ಲಿರುತ್ತದೆ. ಆಗ ಬೆಂಕಿ ಹಿಂದಕ್ಕೆಳೆದರೂ ಕೊಳವೆಗಳಲ್ಲಿ ಉಳಿದ ಶಾಖವು ಕೊಠಡಿಯನ್ನು ಇನ್ನಷ್ಟು ಕಾಯಿಸುತ್ತದೆ. ಕೊಳವೆಯ ಉಷ್ಣಾಂಶವಾದರೋ ಸೌದೆ ಹೊತ್ತಿದ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ತಟ್ಟೆಯ ಮಾಪನವು ಈಗಾಗಲೇ ಆದದ್ದನ್ನು ಹೇಳಿದರೆ, ಕೊಳವೆಯ ಮಾಪನವು ಮುಂದೆ ಆಗಲಿರುವುದನ್ನು ತಿಳಿಸುತ್ತದೆ. ಆದ್ದರಿಂದ ಎರಡೂ ಅಗತ್ಯ.

ಬೇಕಾಗುವ ಸಾಮಗ್ರಿಗಳು

• ಆರ್ಡುಯಿನೊ ನ್ಯಾನೊ ಅಥವಾ ಯುನೊ ಬೋರ್ಡ್ – 1
• ಡಿಎಸ್18ಬಿ20 ಸಂವೇದಕ (ಉಕ್ಕಿನ ಕವಚವಿರುವುದು) – 3
• 4.7 ಕಿಲೋ ಓಮ್ ರೆಸಿಸ್ಟರ್ – 1
• ಕೆ ಮಾದರಿಯ ಥರ್ಮೋಕಪಲ್ ಹಾಗೂ ಮ್ಯಾಕ್ಸ್6675 ಮಾಡ್ಯೂಲ್ – ತಲಾ 1
• 16 ಅಕ್ಷರ, 2 ಸಾಲಿನ ಐ2ಸಿ ಎಲ್‌ಸಿಡಿ ಪರದೆ, ಬಜರ್, ಒತ್ತುಗುಂಡಿ, ಎಲ್‌ಇಡಿ ದೀಪ ಮತ್ತು ಅದಕ್ಕೆ 220 ಓಮ್ ರೆಸಿಸ್ಟರ್ – ತಲಾ 1
• 5 ವೋಲ್ಟ್ ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್, ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ

ಡಿಎಸ್18ಬಿ20 ಸಂವೇದಕವು ಮೈನಸ್ 10ರಿಂದ 85 ಡಿಗ್ರಿಯವರೆಗೆ ಅರ್ಧ ಡಿಗ್ರಿಯ ಆಚೀಚೆ ನಿಖರವಾಗಿ ಅಳೆಯುತ್ತದೆ. ಆದರೆ ಅದರ ಗರಿಷ್ಠ ಮಿತಿ 125 ಡಿಗ್ರಿ. ಆದ್ದರಿಂದ ಅದನ್ನು ತಟ್ಟೆಗಳಿಗೆ ಮಾತ್ರ ಬಳಸಬೇಕು, ಹೊಗೆ ಕೊಳವೆಗೆ ಎಂದಿಗೂ ಕಟ್ಟಬಾರದು. ಕೊಳವೆಗೆ ಥರ್ಮೋಕಪಲ್ ಸೂಕ್ತ. ಮ್ಯಾಕ್ಸ್6675 ಮಾಡ್ಯೂಲ್ ಅದರ ಮೂಲಕ ಸುಮಾರು 1000 ಡಿಗ್ರಿಯವರೆಗೆ ಅಳೆಯಬಲ್ಲದು.

ಜೋಡಣೆ

1. ಮೂರೂ ಡಿಎಸ್18ಬಿ20 ಸಂವೇದಕಗಳ ದತ್ತಾಂಶ ತಂತಿಗಳನ್ನು ಒಟ್ಟುಗೂಡಿಸಿ ಬೋರ್ಡಿನ ಡಿ2 ಪಿನ್ನಿಗೆ ಸೇರಿಸಿ. ಪ್ರತಿ ಸಂವೇದಕಕ್ಕೂ ಪ್ರತ್ಯೇಕ ಗುರುತು ಸಂಖ್ಯೆ ಇರುವುದರಿಂದ ಒಂದೇ ಪಿನ್ ಸಾಕು. ಈ ತಂತಿ ಮತ್ತು 5 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಕಡ್ಡಾಯ. ತಂತಿಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುವುದುಂಟು, ಖರೀದಿಸುವಾಗಲೇ ಕೇಳಿ ತಿಳಿದುಕೊಳ್ಳಿ.
2. ಮ್ಯಾಕ್ಸ್6675 ಮಾಡ್ಯೂಲಿನ ಎಸ್‌ಒ, ಸಿಎಸ್, ಎಸ್‌ಸಿಕೆ ಪಿನ್ನುಗಳನ್ನು ಕ್ರಮವಾಗಿ ಡಿ4, ಡಿ5, ಡಿ6ಕ್ಕೆ ಜೋಡಿಸಿ.
3. ಪರದೆಯ ಎಸ್‌ಡಿಎ ಮತ್ತು ಎಸ್‌ಸಿಎಲ್ ತಂತಿಗಳನ್ನು ಎ4 ಮತ್ತು ಎ5ಕ್ಕೆ, ಒತ್ತುಗುಂಡಿಯನ್ನು ಡಿ3ಕ್ಕೆ, ಬಜರನ್ನು ಟ್ರಾನ್ಸಿಸ್ಟರ್ ಮೂಲಕ ಡಿ8ಕ್ಕೆ ಸೇರಿಸಿ.
4. ಬಜರ್ ಮತ್ತು ಎಲ್‌ಇಡಿಯನ್ನು ಉದ್ದದ ತಂತಿಯಲ್ಲಿ ನೀವು ಮಲಗುವ ಕೋಣೆಗೆ ಒಯ್ಯಿರಿ. ಎಲ್‌ಇಡಿಯನ್ನು 220 ಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಜೋಡಿಸಿ. ಅದು ಸದಾ ಉರಿಯುತ್ತಿರಬೇಕು. ದೀಪ ಆರಿದರೆ ಉಪಕರಣಕ್ಕೆ ವಿದ್ಯುತ್ ನಿಂತಿದೆ ಎಂದರ್ಥ.

ಥರ್ಮೋಕಪಲ್ ಎರಡು ಭಿನ್ನ ಮಿಶ್ರಲೋಹಗಳ ತಂತಿಗಳಿಂದ ಆದದ್ದು. ಉದ್ದ ಸಾಲದೆಂದು ಸಾಮಾನ್ಯ ತಾಮ್ರದ ತಂತಿ ಸೇರಿಸಿದರೆ ಮಾಪನ ತಪ್ಪುತ್ತದೆ. ಉದ್ದದ ಥರ್ಮೋಕಪಲ್ ಅನ್ನೇ ಕೊಳ್ಳಿ. ಮಾಡ್ಯೂಲ್ ತನ್ನ ಸುತ್ತಲಿನ ಉಷ್ಣಾಂಶವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡುವುದರಿಂದ ಪೆಟ್ಟಿಗೆಯನ್ನು ಒಲೆಯ ಬಿಸಿ ತಾಗದ ಹೊರಗೋಡೆಯ ಮೇಲೆ ಇರಿಸಬೇಕು.

ಸಂವೇದಕಗಳ ಸ್ಥಾನ

ಒಂದು ಸಂವೇದಕವನ್ನು ಒಲೆಯ ಸಮೀಪದ ಕೆಳತಟ್ಟೆಯಲ್ಲಿ, ಒಂದನ್ನು ನಡುವಿನ ತಟ್ಟೆಯಲ್ಲಿ, ಮತ್ತೊಂದನ್ನು ಮೇಲ್ತಟ್ಟೆಯಲ್ಲಿ ಕಾಯಿಗಳ ನಡುವೆ ಇರಿಸಿ. ತುದಿಯು ತಟ್ಟೆಯ ಲೋಹಕ್ಕೆ ತಾಗದಿರಲಿ, ಕೊಳವೆಯ ಝಳ ನೇರವಾಗಿ ಬೀಳದಿರಲಿ. ಥರ್ಮೋಕಪಲ್ ತುದಿಯನ್ನು ಒಲೆಯಿಂದ ಹೊರಟ ಕೊಳವೆಯ ಮೊದಲ ಭಾಗದ ಹೊರಮೈಗೆ ಉಕ್ಕಿನ ಪಟ್ಟಿಯಿಂದ ಬಿಗಿಯಿರಿ. ಕೊಳವೆಗೆ ರಂಧ್ರ ಕೊರೆಯಬೇಡಿ, ಅದರಿಂದ ಹೊಗೆ ಸೋರಿ ಕಾಯಿಗೆ ಹೊಗೆಯ ವಾಸನೆ ಹಿಡಿಯುತ್ತದೆ.

ಎಚ್ಚರಿಕೆಯ ಮಿತಿಗಳು

ಒತ್ತುಗುಂಡಿಯಿಂದ ಹಂತವನ್ನು ಆರಿಸುವಂತೆ ಪ್ರೋಗ್ರಾಂ ಬರೆಸಿಕೊಳ್ಳಿ. ಐಟಿಐ ಅಥವಾ ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಊರಿನ ಯುವಕ ಯುವತಿಯರು ಇದನ್ನು ಮಾಡಿಕೊಡಬಲ್ಲರು. ಆರಂಭಕ್ಕೆ ಈ ಮಿತಿಗಳನ್ನು ಇಟ್ಟುಕೊಳ್ಳಬಹುದು:

• ಮೊದಲ ಹಂತ: 53 ಡಿಗ್ರಿ ಮೀರಿದರೆ ಅಥವಾ 45ಕ್ಕಿಂತ ಇಳಿದರೆ.
• ಎರಡನೆಯ ಹಂತ: 49 ಮೀರಿದರೆ ಅಥವಾ 40ಕ್ಕಿಂತ ಇಳಿದರೆ.
• ಕೊನೆಯ ಹಂತ: 63 ಮೀರಿದರೆ, ಅಥವಾ 1 ಗಂಟೆ ಪೂರೈಸಿದ ಕೂಡಲೇ.

ಮೇಲ್ಮಿತಿಗೆ ಅತಿ ಬಿಸಿಯಾದ ತಟ್ಟೆಯನ್ನು, ಕೆಳಮಿತಿಗೆ ನಡುವಿನ ತಟ್ಟೆಯನ್ನು ಆಧಾರವಾಗಿಸಿ. ಹೊಸದಾಗಿ ಒಲೆ ಹೊತ್ತಿಸಿದಾಗ ಕೊಠಡಿ ಒಮ್ಮೆ ಕಾಯುವವರೆಗೆ ಕೆಳಮಿತಿಯ ಎಚ್ಚರಿಕೆ ಮೊಳಗದಿರಲಿ. ಮಾಪನವು ಒಂದು ನಿಮಿಷ ಮಿತಿಯಾಚೆ ನಿಂತರೆ ಮಾತ್ರ ಬಜರ್ ಸದ್ದು ಮಾಡಲಿ, ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ನಿದ್ದೆ ಕೆಡುತ್ತದೆ. ಕೊಳವೆಯ ಉಷ್ಣಾಂಶ ಒಲೆಯಿಂದ ಒಲೆಗೆ ಭಿನ್ನ. ಮೊದಲ ಎರಡು ಸರದಿಗಳಲ್ಲಿ ಅರ್ಧ ಗಂಟೆಗೊಮ್ಮೆ ಕೊಳವೆ ಮತ್ತು ತಟ್ಟೆಗಳ ಮಾಪನ ಬರೆದಿಡಿ. ತಟ್ಟೆಯ ಬಿಸಿ ಸ್ಥಿರವಾಗಿದ್ದಾಗ ಕೊಳವೆ ತೋರಿಸಿದ ಅಂಕಿಯನ್ನು ಆಧರಿಸಿ ನಿಮ್ಮ ಒಲೆಯ ಮಿತಿಯನ್ನು ಹಂತವಾರು ನಿಗದಿಪಡಿಸಿ.

ಪರೀಕ್ಷೆ

ಬಳಕೆಗೆ ಮೊದಲು ಸಂವೇದಕಗಳನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟು ನೋಡಿ, 0 ಡಿಗ್ರಿಯ ಸಮೀಪ ಬರಬೇಕು. ಥರ್ಮೋಕಪಲ್ 2–3 ಡಿಗ್ರಿ ಆಚೀಚೆ ತೋರಿಸಿದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ. ಅನಂತರ ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ಮಲೆನಾಡಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ ಎಂಬುದನ್ನು ಮರೆಯದಿರಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಸುಮಾರು 97 ಡಿಗ್ರಿ ಬಂದರೆ ಅದು ಸರಿಯಾದ ಮಾಪನ.

ದೋಷದ ಅಂಕಿಗಳನ್ನು ಗುರುತಿಸುವುದು

• ಇದ್ದಕ್ಕಿದ್ದಂತೆ ನಿಖರವಾಗಿ 85: ಇದು ಡಿಎಸ್18ಬಿ20ಗೆ ವಿದ್ಯುತ್ ದೊರೆತೊಡನೆ ಇರುವ ಆರಂಭಿಕ ಅಂಕಿ. ತಂತಿ ಸಡಿಲವಿದೆಯೇ ನೋಡಿ.
• ಮೈನಸ್ 127: ಸಂವೇದಕದ ಸಂಪರ್ಕ ಕಡಿದಿದೆ.
• ಕೊಳವೆ ಕಾದಂತೆ ಅಂಕಿ ಇಳಿಯುವುದು: ಥರ್ಮೋಕಪಲ್‌ನ ಎರಡು ತಂತಿಗಳು ಅದಲುಬದಲಾಗಿವೆ.

ಮೊದಲ ಎರಡು ದೋಷಗಳಿಗೂ ಬಜರ್ ಮೊಳಗುವಂತೆ ಪ್ರೋಗ್ರಾಂ ಇರಬೇಕು. ಕೆಟ್ಟ ಸಂವೇದಕದ ಮೌನವನ್ನು ಎಲ್ಲವೂ ಸರಿಯಿದೆ ಎಂದು ಭಾವಿಸಬಾರದು.

ಕಟ್ಟುನಿಟ್ಟಾಗಿ ಪಾಲಿಸಬೇಕಾದ ಅಂಶಗಳು

• ಒಣಗಿಸುವ ಮನೆಯೊಳಗೆ ಅಥವಾ ಒಲೆಯ ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಬಾರದು. ಕಟ್ಟಿಗೆ ಅರೆಬರೆ ಉರಿದಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣಾಂತಕ. ಈ ಉಪಕರಣ ಅದನ್ನು ಪತ್ತೆ ಮಾಡುವುದಿಲ್ಲ.
• ಕೊಳವೆಯೊಳಗಿನ ಮಸಿ ಮತ್ತು ಟಾರನ್ನು ಪ್ರತಿ ಹಂಗಾಮಿಗೆ ಮೊದಲು ತೆಗೆಯಿರಿ. ಹಸಿ ಸೌದೆ ಬಳಸಿದರೆ ಟಾರು ಬೇಗ ಕಟ್ಟಿ ಬೆಂಕಿ ಹಿಡಿಯುವ ಅಪಾಯವಿದೆ.
• ಕೆಲವು ಪವರ್ ಬ್ಯಾಂಕುಗಳು ಅಲ್ಪ ವಿದ್ಯುತ್ ಎಳೆಯುವ ಉಪಕರಣವನ್ನು ತಾವಾಗಿಯೇ ಸ್ಥಗಿತಗೊಳಿಸುತ್ತವೆ. ಕಾಯಿ ತುಂಬುವ ಮುನ್ನ ಒಂದು ರಾತ್ರಿ ಪೂರ್ತಿ ಚಾಲೂ ಇಟ್ಟು ಖಚಿತಪಡಿಸಿಕೊಳ್ಳಿ.
• 230 ವೋಲ್ಟ್ ವಿದ್ಯುತ್ತನ್ನು ಪೆಟ್ಟಿಗೆಯೊಳಗೆ ತರಬೇಡಿ.

ಈ ಮಾಪಕವು ಎಚ್ಚರಿಸುತ್ತದೆಯೇ ಹೊರತು ಬೆಂಕಿಯನ್ನು ನಿಯಂತ್ರಿಸುವುದಿಲ್ಲ. ಸೌದೆ ಹಿಂದಕ್ಕೆಳೆಯುವುದು, ಗಾಳಿಕಿಂಡಿ ತೆರೆಯುವುದು ನಿಮ್ಮ ಕೈಯಲ್ಲೇ ಇದೆ. ಮೊದಲ ಎರಡು ಸರದಿಗಳಲ್ಲಿ ಎಂದಿನಂತೆ ಒಬ್ಬರು ಎಚ್ಚರವಿದ್ದು, ಉಪಕರಣ ಹೇಳುವುದಕ್ಕೂ ಕಣ್ಣಿಗೆ ಕಾಣುವ ಕಾಯಿಯ ಬಣ್ಣಕ್ಕೂ ತಾಳೆ ನೋಡಿ. ಎರಡೂ ಹೊಂದಿಕೆಯಾದ ಬಳಿಕವೇ ರಾತ್ರಿಯ ಕಾವಲನ್ನು ಬಜರಿಗೆ ಒಪ್ಪಿಸಿ.